ತೀವ್ರ ನಿಗಾ ಘಟಕದಲ್ಲಿರುವ ಮಗುವನ್ನು ತಂದೆ ಮುಟ್ಟಬಾರದೇ?

ಪ್ರಶ್ನೆ: "ನಾನು ಹಾವೇರಿ ಜಿಲ್ಲೆಯವನು, ಶಾಲಾ ಶಿಕ್ಷಕ. ಬಿ.ಪಿ. ವಿಪರೀತ ಏರಿದ್ದರಿಂದ ನನ್ನ ಹೆಂಡತಿಗೆ ಮೂವತ್ತೊಂದನೆಯ ವಾರದಲ್ಲೇ ಸಿಸೇರಿಯನ್ ಮಾಡಬೇಕಾಯಿತು. ಹೆಣ್ಣುಮಗು, ತೂಕ 1,280 ಗ್ರಾಂ. ಹುಟ್ಟಿದ ದಿನವೇ ಮಗುವನ್ನು ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಕಳಿಸಿದರು. ಹೆಂಡತಿ ಹಾವೇರಿಯ ಆಸ್ಪತ್ರೆಯಲ್ಲೇ ಇದ್ದಾಳೆ. ಇಂದಿಗೆ ಆರನೆಯ ದಿನ. ಮೂರನೆಯ ದಿನ ಸಿಸ್ಟರ್ ಒಳಗೆ ಕರೆದು, ಬೇಕಿದ್ದರೆ ಮಗುವನ್ನು ಮುಟ್ಟಿ ಎಂದರು. ಒಂದು ಬೆರಳಿನಿಂದ ಬೆನ್ನು ಸವರಿದೆ. ಕೂಡಲೇ ಮಗು ಕೈಕಾಲು ಚಾಚಿತು, ಮಾನಿಟರ್ ಕೂಗತೊಡಗಿತು, ಪರದೆಯ ಮೇಲಿನ ಅಂಕಿ 80ಕ್ಕೆ ಇಳಿಯಿತು. ಸಿಸ್ಟರ್ ಓಡಿಬಂದು ನನ್ನನ್ನು ಹಿಂದೆ ಸರಿಸಿದರು. ಅಂದಿನಿಂದ ಗಾಜಿನ ಹೊರಗೇ ನಿಲ್ಲುತ್ತಿದ್ದೇನೆ. ಪುರುಡು ಕಳೆಯುವ ಮುಂಚೆ ಗಂಡಸರು ಹಸುಗೂಸನ್ನು ಮುಟ್ಟಬಾರದು, ಅದಕ್ಕೇ ಹಾಗಾಯಿತು ಎಂದು ಅವ್ವ ಅನ್ನುತ್ತಾಳೆ. ಹೊರಗಿನ ನಂಜು ತಗಲುತ್ತದೆ ಎಂದು ಗೆಳೆಯರು ಹೆದರಿಸುತ್ತಾರೆ. ಹೆಂಡತಿ ಫೋನಿನಲ್ಲಿ ಅಳುತ್ತಾಳೆ, ಹಾಲೂ ಸರಿಯಾಗಿ ಇಳಿದಿಲ್ಲವಂತೆ. ನಾನು ಒಳಗೆ ಹೋಗಿ ಕೂರುವುದರಿಂದ ಮಗುವಿಗೆ ಒಳ್ಳೆಯದಾಗುತ್ತದೆಯೋ, ಕೆಡುಕಾಗುತ್ತದೆಯೋ? ಅಲ್ಲಿನ ಡಾಕ್ಟರನ್ನು ಕೇಳಲು ಧೈರ್ಯವಾಗುತ್ತಿಲ್ಲ. ಇನ್ನೂ ಒಂದು ಮಾತು ಮನಸ್ಸಿನಲ್ಲಿದೆ: ಈಗಲೇ ಹಚ್ಚಿಕೊಂಡುಬಿಟ್ಟರೆ, ನಾಳೆ ಏನಾದರೂ ಆದರೆ ಹೇಗೆ ತಡೆದುಕೊಳ್ಳಲಿ?"

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವೆಲ್ಲದರ ಕೆಳಗೆ ಇರುವುದು ಒಂದೇ ಭಯ. ನಿಮ್ಮ ಕೈ ಸೋಕಿದ್ದರಿಂದ ಮಗಳಿಗೆ ತೊಂದರೆಯಾಯಿತು ಎಂದು ನೀವು ನಂಬಿದ್ದೀರಿ. ಹಾಗಾಗಿ ಮೊದಲು ಅದನ್ನೇ ಹೇಳುತ್ತೇನೆ. ನೀವು ಬರೆದಿರುವಷ್ಟರಿಂದ ನೋಡಿದರೆ, ನಿಮ್ಮ ಸ್ಪರ್ಶದಿಂದ ಮಗುವಿಗೆ ಯಾವ ಹಾನಿಯೂ ಆಗಿಲ್ಲ. ಮುಟ್ಟಿದ ರೀತಿ ಅಷ್ಟು ಚಿಕ್ಕ ಮಗುವಿಗೆ ಹೊಂದುವಂಥದ್ದಾಗಿರಲಿಲ್ಲ, ಅಷ್ಟೇ. ಹೊಂದುವ ರೀತಿಯನ್ನು ಯಾರೂ ನಿಮಗೆ ಹೇಳಿಕೊಟ್ಟಿರಲಿಲ್ಲ, ಮತ್ತು ಅದನ್ನು ಕಲಿಯುವುದು ಕಷ್ಟವಲ್ಲ.

ಮಾನಿಟರ್ ಕೂಗಿದ್ದು ಏಕೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ಗರ್ಭದಲ್ಲಿ ಮಗು ಉಸಿರಾಡಿ ಬದುಕಬೇಕಾಗಿಲ್ಲ. ಬಿಡುವಿಲ್ಲದೆ ಉಸಿರಾಡುವಂತೆ ಮಾಡುವ ಮೆದುಳಿನ ಭಾಗ ಪಕ್ವವಾಗುವುದು ಗರ್ಭಾವಸ್ಥೆಯ ಕೊನೆಯ ವಾರಗಳಲ್ಲಿ. ಮೂವತ್ತೊಂದನೆಯ ವಾರದಲ್ಲಿ ಹುಟ್ಟಿದ ಮಗು ಕೆಲವು ಉಸಿರು ತೆಗೆದುಕೊಂಡು, ಕೆಲವು ಸೆಕೆಂಡು ನಿಲ್ಲಿಸಿ, ಮತ್ತೆ ಶುರುಮಾಡುತ್ತದೆ. ಈ ಬಿಡುವು 20 ಸೆಕೆಂಡು ದಾಟಿದರೆ, ಅಥವಾ ಅದಕ್ಕೂ ಮುಂಚೆ ಎದೆಬಡಿತ ಇಲ್ಲವೇ ಆಕ್ಸಿಜನ್ ಪ್ರಮಾಣ ಕುಸಿದರೆ, ಅದನ್ನು ನಾವು ವೈದ್ಯರು ಅಪ್ನಿಯಾ ಎನ್ನುತ್ತೇವೆ. ಇದಕ್ಕಾಗಿಯೇ ಇಂಥ ಮಕ್ಕಳಿಗೆ ಕೆಫೀನ್ ಔಷಧಿ ಕೊಡುತ್ತೇವೆ, ಮೂಗಿನ ಮೂಲಕ ಸಿ-ಪ್ಯಾಪ್ ಯಂತ್ರದಿಂದ ಗಾಳಿಯ ಒತ್ತಡ ಕೊಡುತ್ತೇವೆ. ಯಾರೂ ಹತ್ತಿರ ಸುಳಿಯದಿದ್ದರೂ ಇಂಥ ಮಗುವಿನ ಮಾನಿಟರ್ ದಿನಕ್ಕೆ ಹಲವು ಸಲ ಕೂಗುತ್ತದೆ. ಪಾದಕ್ಕೆ ಸುತ್ತಿದ ಸೆನ್ಸರ್ ಮಗು ಕಾಲು ಒದ್ದಾಗ ಸರಿದು ತಪ್ಪು ಅಂಕಿ ತೋರಿಸುವುದೂ ಸಾಮಾನ್ಯ. ಆಕ್ಸಿಜನ್ ಮೇಲಿರುವ ಮಕ್ಕಳಲ್ಲಿ ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ನೂರಕ್ಕೆ 90ರಿಂದ 95ರ ನಡುವೆ ಇರಲಿ ಎಂದು ನೋಡಿಕೊಳ್ಳುತ್ತೇವೆ. ಮೇಲೆ ಹೋದರೂ ಕಣ್ಣಿನ ಅಕ್ಷಿಪಟಕ್ಕೆ ಅಪಾಯವಿರುವುದರಿಂದ, ಅಂಕಿ ಕೆಳಗಿಳಿದಾಗ ಮಾತ್ರವಲ್ಲ, ಮೇಲೇರಿದಾಗಲೂ ಯಂತ್ರ ಕೂಗುವಂತೆ ಮಿತಿ ಇಟ್ಟಿರುತ್ತೇವೆ. ಸದ್ದು ಬಂದಾಗ ಸಿಸ್ಟರ್ ಓಡಿಬರುವುದು ಅವರ ಕೆಲಸ. ಅದು ನಿಮ್ಮ ಮೇಲಿನ ಸಿಟ್ಟಲ್ಲ.

ಇಷ್ಟಾದರೂ ಅಂದು ನಿಮ್ಮ ಬೆರಳಿಗೂ ಆ ಸದ್ದಿಗೂ ಸಂಬಂಧವೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ, ಇದ್ದಿರಬಹುದು. ದಿನ ತುಂಬಿ ಹುಟ್ಟಿದ ಮಗುವಿಗೆ ಹಿತವೆನಿಸುವ ಹಗುರವಾದ ಸವರುವಿಕೆ ದಿನ ತುಂಬದ ಮಗುವಿಗೆ ಕಿರಿಕಿರಿಯಾಗುತ್ತದೆ. ಬರುವ ಸಂವೇದನೆಗಳಲ್ಲಿ ಬೇಡದ್ದನ್ನು ಕೈಬಿಡುವ ಶಕ್ತಿ ಅದರ ನರಮಂಡಲಕ್ಕೆ ಇನ್ನೂ ಬಂದಿರುವುದಿಲ್ಲ. ಚಲಿಸುವ ಬೆರಳು, ಜೋರಾದ ಬೆಳಕು, ಮಾತು, ಎಲ್ಲವೂ ಒಟ್ಟಿಗೆ ಬಂದರೆ ಅದು ದಣಿದು ಉಸಿರನ್ನೇ ಮರೆಯುತ್ತದೆ. ಅದಕ್ಕೆ ಬೇಕಾದದ್ದು ಅಲುಗಾಡದ, ಸ್ವಲ್ಪ ಭಾರವಿರುವ, ಬೆಚ್ಚಗಿನ ಕೈ.

ಹೀಗೆ ಮಾಡಿ. ಕೈ ತೊಳೆದು ಒರೆಸಿಕೊಂಡ ಮೇಲೆ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಮುಟ್ಟುವ ಮುಂಚೆ, ಮೆಲ್ಲನೆಯ ದನಿಯಲ್ಲಿ ಎರಡು ಮಾತಾಡಿ, ಮಗುವಿಗೆ ನೀವು ಬಂದದ್ದು ಗೊತ್ತಾಗಲಿ. ಆಮೇಲೆ ಒಂದು ಅಂಗೈಯನ್ನು ಬಟ್ಟಲಿನಂತೆ ಮಾಡಿ ನೆತ್ತಿಯ ಸುತ್ತ ಇಡಿ. ಇನ್ನೊಂದರಿಂದ ಮಡಚಿದ ಕಾಲುಗಳನ್ನು ಹೊಟ್ಟೆಯ ಕಡೆಗೆ ತಂದು ಪಾದಗಳನ್ನು ಹಿಡಿದುಕೊಳ್ಳಿ. ಒತ್ತಬೇಡಿ, ಸವರಬೇಡಿ, ತಟ್ಟಬೇಡಿ, ಸುಮ್ಮನೆ ಹಾಗೇ ಹಿಡಿದಿರಿ. ಮೊದಲ ನಿಮಿಷ ಮಗು ಸ್ವಲ್ಪ ಕೊಸರಾಡಬಹುದು, ಆಮೇಲೆ ಭುಜ ಇಳಿಯುತ್ತದೆ, ಮುಷ್ಟಿ ಸಡಿಲವಾಗುತ್ತದೆ, ಹುಬ್ಬಿನ ಗಂಟು ಬಿಡುತ್ತದೆ. ನೀವು ನೋಡಬೇಕಾದ್ದು ಇವನ್ನೇ, ಪರದೆಯ ಅಂಕಿಯನ್ನಲ್ಲ. ಬೆರಳುಗಳನ್ನು ಬೀಸಣಿಗೆಯ ಹಾಗೆ ಅಗಲಿಸಿದರೆ, ಮೇಲಿಂದ ಮೇಲೆ ಆಕಳಿಸಿದರೆ, ಬಿಕ್ಕಳಿಕೆ ಬಂದರೆ, ಮುಖದ ಬಣ್ಣ ಬದಲಾದರೆ ಮಗುವಿಗೆ ಸಾಕಾಗಿದೆ ಎಂದು ಅರ್ಥ. ಆಗ ಕೈಯನ್ನು ಥಟ್ಟನೆ ಎಳೆಯದೆ ಒಂದೊಂದಾಗಿ, ನಿಧಾನವಾಗಿ ತೆಗೆಯಿರಿ. ಸೂಜಿ ಚುಚ್ಚುವಾಗ, ರಕ್ತ ತೆಗೆಯುವಾಗ ತಂದೆತಾಯಿ ಹೀಗೆ ಹಿಡಿದುಕೊಂಡಿದ್ದರೆ ಮಗುವಿನ ನೋವು ಕಡಿಮೆಯಾಗುವುದನ್ನು ನಮ್ಮ ಘಟಕದಲ್ಲಿ ದಿನವೂ ಕಾಣುತ್ತೇನೆ. ಕಾಮಾಲೆಗೆ ನೀಲಿ ದೀಪದ ಚಿಕಿತ್ಸೆ ನಡೆಯುತ್ತಿದ್ದು ಕಣ್ಣಿಗೆ ಪಟ್ಟಿ ಇದ್ದರೂ ಇದಕ್ಕೆ ಅಡ್ಡಿಯಿಲ್ಲ. ಪಟ್ಟಿಯನ್ನು ಮಾತ್ರ ನೀವಾಗಿ ಸರಿಸಬೇಡಿ.

ಇನ್ನು ನಂಜಿನ ಮಾತು. ನಿಮ್ಮ ಗೆಳೆಯರ ಭಯ ಸುಳ್ಳಲ್ಲ, ಆದರೆ ಅದು ತಪ್ಪು ಕಡೆ ಬೊಟ್ಟು ಮಾಡುತ್ತಿದೆ. ತೀವ್ರ ನಿಗಾ ಘಟಕದಲ್ಲಿ ಮಗುವಿಗೆ ಅಪಾಯಕಾರಿಯಾದ ರೋಗಾಣುಗಳು ಹೆಚ್ಚಾಗಿ ಆಸ್ಪತ್ರೆಯೊಳಗಿನವೇ. ಔಷಧಿಗಳಿಗೆ ಬಗ್ಗದಂತೆ ಬಲಿತ ಅವು ಒಂದು ಮಗುವಿನಿಂದ ಇನ್ನೊಂದು ಮಗುವಿಗೆ ಕೈಗಳ ಮೂಲಕ, ಉಪಕರಣಗಳ ಮೂಲಕ ಹರಡುತ್ತವೆ. ಆರೋಗ್ಯವಾಗಿರುವ ತಂದೆತಾಯಿಯ ಚರ್ಮದ ಮೇಲಿನ ಸಾಮಾನ್ಯ ಸೂಕ್ಷ್ಮಾಣುಗಳು ಮಗುವಿನ ಚರ್ಮದಲ್ಲಿ ಮೊದಲು ನೆಲೆಯೂರುವುದು ಒಳ್ಳೆಯದೇ. ನೀವು ಒಂದೇ ಮಗುವನ್ನು ಮುಟ್ಟುವವರು, ಸಿಬ್ಬಂದಿ ಹಲವರನ್ನು ಮುಟ್ಟುವವರು. ಹೀಗಾಗಿ ತೊಳೆದ ಕೈಯ ತಂದೆ ಘಟಕಕ್ಕೆ ಅಪಾಯವಲ್ಲ. ಆದರೆ "ತೊಳೆದ ಕೈ" ಎಂಬುದರಲ್ಲಿ ರಾಜಿ ಬೇಡ. ಉಂಗುರ, ಗಡಿಯಾರ, ಕೈಗೆ ಕಟ್ಟಿದ ದಾರ ಎಲ್ಲವನ್ನೂ ತೆಗೆದು, ತೋಳನ್ನು ಮೊಣಕೈ ಮೇಲಕ್ಕೆ ಮಡಚಿ, ಸೋಪು ಹಚ್ಚಿ 40ರಿಂದ 60 ಸೆಕೆಂಡು ತೊಳೆಯಬೇಕು. ಉಗುರು ಚಿಕ್ಕದಾಗಿರಬೇಕು. ಒಳಗೆ ಹೋದ ಮೇಲೆ ಫೋನ್ ಮುಟ್ಟಿದರೆ ಕೈ ಮತ್ತೆ ಕೊಳೆಯಾಯಿತು ಎಂದೇ ಲೆಕ್ಕ, ಸ್ಯಾನಿಟೈಸರ್ ಹಚ್ಚಿ ಉಜ್ಜಿಕೊಂಡೇ ಮಗುವನ್ನು ಮುಟ್ಟಬೇಕು. ನೆಗಡಿ, ಜ್ವರ, ಭೇದಿ, ಕಣ್ಣುಬೇನೆ, ತುಟಿಯ ಮೇಲೆ ನೀರುಗುಳ್ಳೆ, ಕೈಯಲ್ಲಿ ಕೀವಿನ ಗಾಯ ಇದ್ದರೆ ಅಥವಾ ಮನೆಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಎದ್ದಿದ್ದರೆ ಒಳಗೆ ಹೋಗುವ ಮುನ್ನ ವೈದ್ಯರಿಗೆ ತಿಳಿಸಲೇಬೇಕು. ಇಂಥ ಸಮಯದಲ್ಲಿ ಹೊರಗುಳಿಯುವುದೇ ಮಗುವಿಗೆ ಮಾಡುವ ಉಪಕಾರ. ಬೀಡಿ-ಸಿಗರೇಟಿನ ಅಭ್ಯಾಸವಿದ್ದರೆ ಅದರ ಹೊಗೆಯ ಅಂಶ ಬಟ್ಟೆಯಲ್ಲಿ, ಚರ್ಮದಲ್ಲಿ ಉಳಿದಿರುತ್ತದೆ ಎಂಬುದನ್ನು ಮರೆಯಬೇಡಿ.

ನಿಮ್ಮ ಅವ್ವನ ಮಾತನ್ನು ನಾನು ತಳ್ಳಿಹಾಕಲು ಹೋಗುವುದಿಲ್ಲ. ಪುರುಡು ಮನೆಯ ದೇವರು-ದಿಂಡರು, ಪೂಜೆ-ಪುನಸ್ಕಾರಕ್ಕೆ ಸೇರಿದ ಕಟ್ಟಳೆ, ಅದನ್ನು ಮನೆಯಲ್ಲಿ ಪಾಲಿಸಿದರೆ ಮಗುವಿಗೇನೂ ನಷ್ಟವಿಲ್ಲ. ಹೊರಗಿನವರನ್ನು ಕೆಲವು ದಿನ ಬಾಣಂತಿ-ಮಗುವಿನಿಂದ ದೂರವಿಡುವುದರಲ್ಲಿ ಒಂದು ವಿವೇಕವೂ ಇದೆ. ಆದರೆ ತಂದೆ ಹೊರಗಿನವನಲ್ಲ, ಮತ್ತು ಮಾನಿಟರಿನ ಅಂಕಿ ಪುರುಡಿನಿಂದ ಇಳಿಯುವುದಿಲ್ಲ. ಹನ್ನೊಂದು ದಿನ ಕಾಯುವಷ್ಟು ಬಿಡುವು ಈ ಮಗುವಿಗಿಲ್ಲ ಎಂದು ಅವ್ವನಿಗೆ ಮೆಲ್ಲಗೆ ತಿಳಿಸಿ. ಅವರು ತಾಯಿತವನ್ನೋ ದೇವರ ದಾರವನ್ನೋ ಕಳಿಸಿದರೆ ಮಗುವಿಗೆ ಕಟ್ಟಬೇಡಿ. ಹೊಸ ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿ ಮಗುವನ್ನು ಬೆಚ್ಚಗಿಡುವ ವಾರ್ಮರಿನ ಹೊರಗೆ ಇಡಬಹುದೇ ಎಂದು ಸಿಸ್ಟರನ್ನು ಕೇಳಿ, ಬಹಳ ಕಡೆ ಒಪ್ಪುತ್ತಾರೆ. ಜೇನು, ತೇಯ್ದ ಬಜೆ, ಕಾಡಿಗೆ, ನೆತ್ತಿಗೆ ಎಣ್ಣೆ, ಇವು ಮಾತ್ರ ಯಾವ ಕಾರಣಕ್ಕೂ ಬೇಡ. ಈಗಷ್ಟೇ ಅಲ್ಲ, ಮನೆಗೆ ಬಂದ ಮೇಲೂ ಬೇಡ.

ಈಗ ನೀವು ಕೇಳಿದ ಮುಖ್ಯ ಪ್ರಶ್ನೆ: ನಿಮ್ಮ ಇರುವಿಕೆಯಿಂದ ಮಗುವಿಗೆ ಪ್ರಯೋಜನವಿದೆಯೇ? ಇದೆ. ಅದು ಸಮಾಧಾನಕ್ಕೆ ಹೇಳುವ ಮಾತಲ್ಲ. ತಂದೆತಾಯಿಯ ಎದೆಗೆ ಮಗುವನ್ನು ಚರ್ಮಕ್ಕೆ ಚರ್ಮ ತಾಗುವಂತೆ ಇಡುವ ಕಾಂಗರೂ ಆರೈಕೆ ಶುರುವಾದದ್ದು 1978ರ ಸುಮಾರಿಗೆ, ಕೊಲಂಬಿಯಾದ ಬೊಗೊಟಾ ನಗರದಲ್ಲಿ. ಅಲ್ಲಿನ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ ಮಕ್ಕಳು ಸಾಯುತ್ತಿದ್ದಾಗ ಡಾ. ಎಡ್ಗರ್ ರೇ ತಾಯಂದಿರ ಎದೆಯನ್ನೇ ಆಶ್ರಯಿಸಿದರು. ಬಡ ದೇಶಗಳ ತಾತ್ಕಾಲಿಕ ಉಪಾಯ ಎಂದು ಬಹಳ ಕಾಲ ನೋಡಲಾಗುತ್ತಿದ್ದ ಆ ಪದ್ಧತಿ ಇಂದು ಶ್ರೀಮಂತ ದೇಶಗಳ ಘಟಕಗಳಲ್ಲೂ ಚಿಕಿತ್ಸೆಯ ಭಾಗವಾಗಿದೆ. ಘಾನಾ, ಮಲಾವಿ, ನೈಜೀರಿಯಾ, ಟಾಂಜಾನಿಯಾಗಳ ಜೊತೆಗೆ ನಮ್ಮ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿದ್ದ ದೊಡ್ಡ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಅದರಲ್ಲಿ 1 ಕಿಲೋದಿಂದ 1.8 ಕಿಲೋದೊಳಗಿನ ಮಕ್ಕಳಿಗೆ ಸ್ಥಿತಿ ಪೂರ್ತಿ ಸ್ಥಿರವಾಗುವವರೆಗೆ ಕಾಯದೆ, ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಆರಂಭಿಸಿದಾಗ, ಮೊದಲ 28 ದಿನಗಳ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿಯಿತು. ನಿಮ್ಮ ಮಗಳ ತೂಕ ಇದೇ ಮಿತಿಯೊಳಗಿದೆ. ಮರುವರ್ಷ, 2022ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ದಿನ ತುಂಬದ ಮತ್ತು ಕಡಿಮೆ ತೂಕದ ಎಲ್ಲ ಮಕ್ಕಳಿಗೂ ದಿನಕ್ಕೆ 8ರಿಂದ 24 ಗಂಟೆಯವರೆಗೆ, ಆದಷ್ಟು ಹೆಚ್ಚು ಹೊತ್ತು ಈ ಆರೈಕೆ ಸಿಗಬೇಕೆಂದು ಹೇಳಿತು. ಕುಟುಂಬದವರನ್ನು ಮಗುವಿನ ದಿನನಿತ್ಯದ ಆರೈಕೆಯಲ್ಲಿ ಸೇರಿಸಿಕೊಳ್ಳಬೇಕೆಂದೂ ಹೇಳಿತು. ನಮ್ಮದೇ ಕೊಪ್ಪಳ ಜಿಲ್ಲೆಯ ಆಸ್ಪತ್ರೆಗಳಲ್ಲಿ ಇದನ್ನು ಜಿಲ್ಲೆಯಾದ್ಯಂತ ಜಾರಿಗೆ ತಂದ ಅನುಭವವೂ ನಮ್ಮ ಮುಂದಿದೆ.

ತಾಯಿ ಹತ್ತಿರದಲ್ಲಿಲ್ಲದಾಗ ತಂದೆ ಇದನ್ನು ಮಾಡಬಹುದು. ಗಂಡಸರ ಎದೆಯ ಮೇಲೂ ಮಗುವಿನ ಮೈ ಬೆಚ್ಚಗಿರುತ್ತದೆ, ಉಸಿರು ಒಂದು ಲಯಕ್ಕೆ ಬರುತ್ತದೆ. ಎದೆಯಲ್ಲಿ ಕೂದಲಿದ್ದರೆ ತೊಂದರೆಯೇನೂ ಇಲ್ಲ. ಸಿ-ಪ್ಯಾಪ್ ಇರುವಾಗಲೇ ಕಾಂಗರೂ ಆರೈಕೆ ಕೊಡಿಸುವ ಘಟಕಗಳು ಈಗ ಸಾಕಷ್ಟಿವೆ. ಹಾಗೆಂದು ಇದರಲ್ಲಿ ಅಪಾಯವೇ ಇಲ್ಲವೆಂದಲ್ಲ. ಎತ್ತಿ ಇಡುವಾಗ ನಳಿಕೆ ಕಳಚಬಹುದು, ಮಗುವಿನ ಕತ್ತು ಮುಂದಕ್ಕೆ ಬಾಗಿದರೆ ಉಸಿರಿನ ದಾರಿ ಮುಚ್ಚಬಹುದು, ಕೂತವರು ನಿದ್ದೆ ಹೋದರೆ ಮಗು ಜಾರಬಹುದು. ಅದಕ್ಕಾಗಿಯೇ ಮಗುವನ್ನು ನಿಮ್ಮ ಎದೆಗೆ ತಲುಪಿಸುವ ಕೆಲಸವನ್ನು ಸಿಸ್ಟರ್ ಮಾಡುತ್ತಾರೆ, ಇನ್ನೊಬ್ಬರು ನಳಿಕೆಗಳನ್ನು ಹಿಡಿದಿರುತ್ತಾರೆ. ಮಗುವಿಗೆ ಟೋಪಿ, ಕಾಲುಚೀಲ, ಡಯಾಪರ್ ಮಾತ್ರ ಇದ್ದು, ಕಾಲುಗಳು ಕಪ್ಪೆಯ ಹಾಗೆ ಮಡಚಿ, ಮುಖ ಒಂದು ಪಕ್ಕಕ್ಕೆ ತಿರುಗಿ, ಗಲ್ಲ ಸ್ವಲ್ಪ ಮೇಲಕ್ಕಿರಬೇಕು. ಮೂಗು-ಬಾಯಿ ನಿಮ್ಮ ಕಣ್ಣಿಗೆ ಸದಾ ಕಾಣುತ್ತಿರಬೇಕು. ನೀವು ನೇರವಾಗಿ ಕೂರದೆ ಸ್ವಲ್ಪ ಒರಗಿ ಕೂರಬೇಕು. ಪ್ರತಿ ಸಲ ಎತ್ತಿ ಇಳಿಸುವುದೇ ಮಗುವಿಗೆ ಆಯಾಸವಾದ್ದರಿಂದ ಒಂದು ಗಂಟೆಗಿಂತ ಕಡಿಮೆ ಕೂರುವುದಾದರೆ ಎತ್ತಿಸಿಕೊಳ್ಳಬೇಡಿ, ವಾರ್ಮರಿನಲ್ಲೇ ಅಂಗೈಯಿಂದ ಹಿಡಿದಿರಿ. ಹೊಕ್ಕುಳಿನ ರಕ್ತನಾಳದಲ್ಲಿ ನಳಿಕೆ ಇದ್ದರೆ, ರಕ್ತದೊತ್ತಡ ಕುಸಿದಿದ್ದರೆ, ಅಪ್ನಿಯಾ ಮೇಲಿಂದ ಮೇಲೆ ಬರುತ್ತಿದ್ದರೆ ವೈದ್ಯರು ಒಂದೆರಡು ದಿನ ತಡೆಯಿರಿ ಎನ್ನಬಹುದು. ಅದನ್ನು ನಿರಾಕರಣೆ ಎಂದುಕೊಳ್ಳಬೇಡಿ.

ಕೆಲವು ಘಟಕಗಳಲ್ಲಿ ಇನ್ನೂ "ದಿನಕ್ಕೆ ಎರಡು ಸಲ, ಹತ್ತು ನಿಮಿಷ" ಎಂಬ ನಿಯಮ ಉಳಿದಿದೆ. ಜಾಗ ಕಡಿಮೆ, ಸಿಬ್ಬಂದಿ ಕಡಿಮೆ ಎಂಬ ಕಷ್ಟ ನಿಜವಾದದ್ದೇ, ಆದರೆ ತಂದೆತಾಯಿಯನ್ನು ಭೇಟಿಗೆ ಬರುವ ನೆಂಟರ ಸಾಲಿಗೆ ಸೇರಿಸುವುದು ತಪ್ಪು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕೇಂದ್ರ ಆರೋಗ್ಯ ಸಚಿವಾಲಯವೇ 2017ರಲ್ಲಿ, ನವಜಾತ ಶಿಶು ಘಟಕಗಳಲ್ಲಿ ಪೋಷಕರಿಗೆ ತರಬೇತಿ ಕೊಟ್ಟು ಆರೈಕೆಯಲ್ಲಿ ಭಾಗಿಗಳನ್ನಾಗಿಸಲು ಮಾರ್ಗಸೂಚಿ ಹೊರಡಿಸಿದೆ. ನೀವು ಜಗಳವಾಡಬೇಕಿಲ್ಲ, ನಿಯಮ ಪುಸ್ತಕ ತೋರಿಸಬೇಕಿಲ್ಲ. ಬೆಳಗಿನ ರೌಂಡ್ಸ್ ಮುಗಿದ ಮೇಲೆ ವೈದ್ಯರ ಬಳಿ ಹೋಗಿ, "ನನ್ನ ಮಗಳಿಗೆ ಕಾಂಗರೂ ಆರೈಕೆ ಯಾವಾಗ ಶುರುಮಾಡಬಹುದು? ತಾಯಿ ಬರುವವರೆಗೆ ನಾನು ಕೂರಲು ಸಿದ್ಧನಿದ್ದೇನೆ, ಅಲ್ಲಿಯವರೆಗೆ ಯಾವ ಕೆಲಸ ನನಗೆ ಹೇಳಿಕೊಡುತ್ತೀರಿ?" ಎಂದು ಕೇಳಿ. ಹೀಗೆ ಕೇಳುವ ತಂದೆಗೆ ಇಲ್ಲವೆನ್ನುವ ವೈದ್ಯರು ವಿರಳ. ಡಯಾಪರ್ ಬದಲಿಸುವುದು, ಹತ್ತಿಯಿಂದ ಬಾಯಿ ಒರೆಸುವುದು, ಹಾಲಿನ ನಳಿಕೆಯ ಸಿರಿಂಜನ್ನು ಎತ್ತಿ ಹಿಡಿಯುವುದು, ಇವನ್ನೆಲ್ಲ ಸಿಸ್ಟರ್ ಕಲಿಸುತ್ತಾರೆ. ಏನೂ ಮಾಡಲಾಗದ ಹೊತ್ತಿನಲ್ಲಿ ಮಾತಾಡಿ. ಈ ವಾರಗಳಲ್ಲಿ ಮಗುವಿನ ಕಿವಿ ಕೇಳುತ್ತದೆ, ಆದರೆ ಗದ್ದಲವನ್ನು ಅದು ಸಹಿಸದು. ನೀವು ತರಗತಿಯಲ್ಲಿ ಪಾಠ ಹೇಳುವ ದನಿ ಬೇಡ, ಪಕ್ಕದವರಿಗೆ ಮಾತ್ರ ಕೇಳಿಸುವಷ್ಟು ಸಾಕು.

ಹಾಲಿನ ವಿಷಯವನ್ನು ನೀವು ಒಂದೇ ಮಾತಿನಲ್ಲಿ ಮುಗಿಸಿದ್ದೀರಿ, ಆದರೆ ಈಗ ನಿಮ್ಮ ಕುಟುಂಬ ಮಾಡಬಹುದಾದ ಅತಿ ದೊಡ್ಡ ಚಿಕಿತ್ಸೆ ಅದು. ದಿನ ತುಂಬದ ಮಗುವಿನ ಕರುಳಿಗೆ ಬರುವ ಮಾರಕ ಉರಿಯೂತದಿಂದ ಕಾಪಾಡುವುದರಲ್ಲಿ ತಾಯಿಯ ಹಾಲಿಗೆ ಸಮನಾದದ್ದು ಯಾವುದೂ ಇಲ್ಲ, ಡಬ್ಬಿಹಾಲಿನಿಂದ ಆ ಅಪಾಯ ಹೆಚ್ಚುತ್ತದೆ. "ಹಾಲು ಇಳಿದಿಲ್ಲ" ಎಂದರೆ ಹೆಚ್ಚಿನ ಸಲ, ಮಗು ಪಕ್ಕದಲ್ಲಿಲ್ಲದ್ದರಿಂದ ಯಾರೂ ಹಿಂಡಿಸಿಲ್ಲ ಎಂದೇ ಅರ್ಥ. ರಾತ್ರಿಯೂ ಸೇರಿದಂತೆ ಎರಡು-ಮೂರು ಗಂಟೆಗೊಮ್ಮೆ, ದಿನಕ್ಕೆ ಕನಿಷ್ಠ ಎಂಟು ಸಲ ಕೈಯಿಂದ ಹಿಂಡಬೇಕು. ಮೊದಮೊದಲು ಕೆಲವೇ ಹನಿ ಬಂದರೂ ಚೆಲ್ಲಬಾರದು. ಇಷ್ಟು ಚಿಕ್ಕ ಮಗುವಿಗೆ ಆರಂಭದಲ್ಲಿ ಒಂದು ಸಲಕ್ಕೆ ಒಂದೆರಡು ಮಿಲಿಲೀಟರ್ ಹಾಲೂ ಬೆಲೆಯುಳ್ಳದ್ದು, ಕೆನ್ನೆಯೊಳಗೆ ಸವರುವ ಹನಿಯೂ ವ್ಯರ್ಥವಲ್ಲ. ಲಾಬೆಟಲಾಲ್, ನಿಫೆಡಿಪಿನ್‌ನಂಥ ಬಿ.ಪಿ. ಮಾತ್ರೆಗಳು ಸಾಮಾನ್ಯವಾಗಿ ಹಾಲೂಡಿಸಲು ಅಡ್ಡಿಯಲ್ಲ, ಆದರೂ ಆಕೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಂದು ಹುಬ್ಬಳ್ಳಿಯ ವೈದ್ಯರಿಗೆ ತಿಳಿಸಿ. ಆಸ್ಪತ್ರೆ ಕೊಡುವ ಶುದ್ಧ ಪಾತ್ರೆಯಲ್ಲಿ ಹಿಂಡಿ, ಮುಚ್ಚಳ ಹಾಕಿ, ತಾಯಿಯ ಹೆಸರು, ದಿನಾಂಕ, ಸಮಯ ಬರೆದು ಫ್ರಿಜ್ಜಿನಲ್ಲಿಟ್ಟರೆ 24 ಗಂಟೆಯೊಳಗೆ ಬಳಸಬಹುದು. ಹೊರಗೆ ಇಟ್ಟರೆ ನಾಲ್ಕು ಗಂಟೆ, ಬಿಸಿಲುಗಾಲದಲ್ಲಿ ಅದಕ್ಕೂ ಕಡಿಮೆ. ಹಾವೇರಿಯಿಂದ ಹುಬ್ಬಳ್ಳಿಗೆ ಸುಮಾರು 75 ಕಿಲೋಮೀಟರ್, ಐಸ್ ಪ್ಯಾಕ್ ಇಟ್ಟ ಥರ್ಮಾಕೋಲ್ ಡಬ್ಬಿಯಲ್ಲಿ ಹಾಲು ಕೆಡದೆ ತಲುಪುತ್ತದೆ. ಕುದಿಸಬೇಡಿ, ಮೈಕ್ರೋವೇವ್‌ನಲ್ಲಿ ಇಡಬೇಡಿ. ಅವ್ವ ಸೊಸೆಯ ಬಳಿ ಉಳಿದು ರಾತ್ರಿ ಎಬ್ಬಿಸಿ ಹಿಂಡಿಸುವ ಹೊಣೆ ಹೊತ್ತರೆ ಮೊಮ್ಮಗಳಿಗೆ ಅದಕ್ಕಿಂತ ದೊಡ್ಡ ಆಸರೆ ಬೇರೆಯಿಲ್ಲ. ಅನುಮತಿ ಕೇಳಿ ಮಗುವಿನ ಫೋಟೋ, ಚಿಕ್ಕ ವಿಡಿಯೋ ತೆಗೆದು ಹೆಂಡತಿಗೆ ಕಳಿಸಿ. ನಳಿಕೆಗಳನ್ನು ನೋಡಿ ಹೆದರುತ್ತಾಳೆ ಎಂದು ಮುಚ್ಚಿಡಬೇಡಿ. ಮಗುವಿನ ಮುಖ ನೋಡುತ್ತ ಹಿಂಡಿದರೆ ಹಾಲು ಸಲೀಸಾಗಿ ಇಳಿಯುತ್ತದೆ.

ಮಗುವಿನ ತೂಕ ಹುಟ್ಟಿದಾಗಿನದಕ್ಕಿಂತ ಕಡಿಮೆಯಾಗಿದೆ ಎಂದು ಯಾರಾದರೂ ಹೇಳಿದರೆ ಗಾಬರಿಯಾಗಬೇಡಿ. ಮೊದಲ ವಾರ ನೂರಕ್ಕೆ ಹತ್ತು-ಹದಿನೈದರಷ್ಟು ಇಳಿದು, ಎರಡನೆಯ ವಾರದ ಕೊನೆಯ ಹೊತ್ತಿಗೆ ಮೊದಲಿನ ತೂಕಕ್ಕೆ ಬರುವುದು ಇಂಥ ಮಕ್ಕಳಲ್ಲಿ ವಾಡಿಕೆ.

ಇನ್ನು ನಿಮ್ಮ ಕೊನೆಯ ಮಾತು. ಹಚ್ಚಿಕೊಂಡರೆ ನೋವು ಹೆಚ್ಚಾದೀತು ಎಂದು ದೂರ ನಿಲ್ಲುವ ತಂದೆಯರನ್ನು ನಾನು ಬಹಳ ಮಂದಿ ನೋಡಿದ್ದೇನೆ. ಹೆಣ್ಣುಮಕ್ಕಳ ಮುಂದೆ ಅಳಬಾರದು, ದುಡ್ಡಿನ ವ್ಯವಸ್ಥೆ ಮಾಡಬೇಕು, ಎರಡೂ ಆಸ್ಪತ್ರೆಗೆ ಓಡಾಡಬೇಕು ಎಂದು ಅವರು ತಮ್ಮ ಭಯವನ್ನು ಯಾರಿಗೂ ಹೇಳುವುದಿಲ್ಲ. ಮೂವತ್ತೊಂದು ವಾರದ, 1,280 ಗ್ರಾಂ ತೂಕದ ಮಕ್ಕಳಲ್ಲಿ ಹೆಚ್ಚಿನವರು ಒಳ್ಳೆಯ ಘಟಕದ ಆರೈಕೆಯಲ್ಲಿ ಬದುಕಿ ಮನೆಗೆ ಹೋಗುತ್ತಾರೆ. ಆದರೂ ನಿಮ್ಮ ಮಗಳ ಭವಿಷ್ಯಕ್ಕೆ ನಾನು ಇಲ್ಲಿಂದ ಖಾತರಿ ಕೊಡಲಾರೆ. ನಾನು ಖಚಿತವಾಗಿ ಹೇಳಬಲ್ಲದ್ದು ಇಷ್ಟು: ಮಗುವನ್ನು ಕಳೆದುಕೊಂಡ ತಂದೆತಾಯಿಯರು ವರ್ಷಗಳ ನಂತರ ನನ್ನ ಬಳಿ ಮಾತಾಡುವಾಗ, ಹತ್ತಿರ ಕೂತೆನಲ್ಲ ಎಂದು ಪಶ್ಚಾತ್ತಾಪ ಪಟ್ಟದ್ದನ್ನು ನಾನು ಕೇಳಿಲ್ಲ, ಕೂರಲಿಲ್ಲವಲ್ಲ ಎಂದು ಕೊರಗಿದ್ದನ್ನು ಕೇಳಿದ್ದೇನೆ. ದೂರ ನಿಂತರೆ ಭಯ ಕಡಿಮೆಯಾಗುವುದಿಲ್ಲ. ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ನಿಮಗಾಗಲಿ ಹೆಂಡತಿಗಾಗಲಿ ಬದುಕೇ ಬೇಡವೆನಿಸಿದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ಹೆಂಡತಿಯನ್ನು ಹುಬ್ಬಳ್ಳಿಗೆ ಕರೆತರುವ ಆತುರ ನಿಮ್ಮಿಬ್ಬರಿಗೂ ಇರುತ್ತದೆ. ಹೆರಿಗೆಯ ನಂತರ ಮೂರರಿಂದ ಆರನೆಯ ದಿನದವರೆಗೆ ಬಿ.ಪಿ. ಮತ್ತೆ ಏರುವುದುಂಟು, ಆದ್ದರಿಂದ ವೈದ್ಯರ ಒಪ್ಪಿಗೆಯಿಲ್ಲದೆ ಸಹಿ ಹಾಕಿ ಬಿಡಿಸಿಕೊಂಡು ಬರಬೇಡಿ. ಅದರ ಬದಲು, ಮಗು ಇರುವ ಆಸ್ಪತ್ರೆಗೋ ಅದೇ ಊರಿನ ಇನ್ನೊಂದು ಆಸ್ಪತ್ರೆಗೋ ಆಕೆಯನ್ನು ರೋಗಿಯಾಗಿಯೇ ವರ್ಗಾಯಿಸಲು ಸಾಧ್ಯವೇ ಎಂದು ಎರಡೂ ಕಡೆಯ ವೈದ್ಯರನ್ನು ಕೇಳಿ, ನನ್ನ ದೃಷ್ಟಿಯಲ್ಲಿ ಅದೇ ಉತ್ತಮ ದಾರಿ. ಆಗದಿದ್ದರೆ ಬಿಡುಗಡೆಯಾದ ಮೇಲೆ ಆಸ್ಪತ್ರೆಯ ತಾಯಂದಿರ ಕೋಣೆಯಲ್ಲಿ ಹಾಸಿಗೆ ಸಿಗುವುದೇ ಎಂದು ಈಗಲೇ ವಿಚಾರಿಸಿಡಿ. ಹೊಲಿಗೆ ಹಸಿಯಿರುವ ಬಾಣಂತಿ ವರಾಂಡದಲ್ಲಿ ರಾತ್ರಿ ಕಳೆಯುವಂತಾಗಬಾರದು. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಉಸಿರಾಟದ ತೊಂದರೆ ಕಂಡರೆ ಅದು ಬಾಣಂತಿಯ ನಿಶ್ಶಕ್ತಿಯಲ್ಲ, ತಕ್ಷಣ ಚಿಕಿತ್ಸೆ ಬೇಕಾದ ಸ್ಥಿತಿ. ಆಕೆ ಬಂದ ಮೇಲೂ ನೀವು ಹಿಂದೆ ಸರಿಯಬೇಡಿ, ದಿನಕ್ಕೆ ಎಂಟು ಗಂಟೆ ಒಬ್ಬರಿಂದ ಆಗುವ ಕೆಲಸವಲ್ಲ. ಮತ್ತು ಮಗು ಹುಟ್ಟಿದ 30 ದಿನದೊಳಗೆ ಅಕ್ಷಿಪಟದ ಪರೀಕ್ಷೆ ಆಗಲೇಬೇಕು. ಮಗು ಆಸ್ಪತ್ರೆಯಲ್ಲಿರಲಿ, ಮನೆಯಲ್ಲಿರಲಿ, ಆ ದಿನಾಂಕವನ್ನು ಇಂದೇ ವೈದ್ಯರಿಂದ ಬರೆಸಿಕೊಳ್ಳಿ.